ಬೀದರ ಸೀಮೆಯ ಕಲಾಪರಂಪರೆ ಮತ್ತು ಊರಿನ ಏಳಿಗೆ

ಹಸ್ತಪ್ರತಿಯು ಬಾಳುವುದು ಓಲೆಯ ಗಟ್ಟಿತನದಿಂದಲ್ಲ, ಪ್ರತಿಯಿಂದ ಪ್ರತಿಗೆ ಇಳಿಯುವುದರಿಂದ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ದಾನದಿಂದ ಗ್ರಂಥವು ಉಳಿಯಿತು. ಅನೇಕ ಲಿಪಿಕಾರರ ಕೈಗೆ ಕೆಲಸವೂ ದೊರೆತಿರಬೇಕು. ಕಲೆಯಿಂದ ಸಣ್ಣ ನಗರಗಳು ಏಳಿಗೆ ಹೊಂದುವ ಬಗೆಯನ್ನು ಇದೇ ದೃಷ್ಟಿಯಿಂದ ಪರಿಶೀಲಿಸಲು ಬೀದರ, ಭಾಲ್ಕಿ, ಔರಾದ ಪ್ರದೇಶವು ಒಳ್ಳೆಯ ನಿದರ್ಶನವಾಗಿದೆ.

ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ತಮ್ಮ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದರು. ಪಾರಸೀಕ ದೇಶದ ಗೀಲಾನಿನಿಂದ ಬಂದು ಮಂತ್ರಿಪದವಿಗೇರಿದ ಮಹಮೂದ ಗವಾನನು 1472ರಲ್ಲಿ ಅಲ್ಲಿ ಮೂರು ಅಂತಸ್ತಿನ ಮದರಸಾವನ್ನು ಕಟ್ಟಿಸಿದನು. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅಲ್ಲಿಯೇ ವಸತಿಯಿತ್ತು; 3000 ಗ್ರಂಥಗಳ ಭಂಡಾರವಿತ್ತೆಂಬ ಪ್ರತೀತಿಯಿದೆ. ಆದರೆ 1481ರಲ್ಲಿ ಸುಲ್ತಾನನ ಅಪ್ಪಣೆಯಿಂದ ಗವಾನನ ವಧೆಯಾಯಿತು. ಬಹಮನಿ ರಾಜ್ಯವು ಒಡೆಯಿತು. 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಗೊಂಡು ಕಟ್ಟಡದ ಒಂದು ಭಾಗವು ಉರುಳಿತು. ಎರಡು ಮಿನಾರುಗಳಲ್ಲಿ ಒಂದು ಇಂದಿಗೂ ನಿಂತಿದೆ. ಗ್ರಂಥಭಂಡಾರವು ಮಾತ್ರ ಉಳಿಯಲಿಲ್ಲ. ಅರಸೊತ್ತಿಗೆಯನ್ನೇ ಆಶ್ರಯಿಸಿದ ವಿದ್ಯೆಯ ಪಾಡು ಇದು.

ಅದೇ ಊರಿನ ಬಿದ್ರಿ ಕಲೆಯ ಗತಿ ಬೇರೆ. ಸತುವಿಗೆ ಅಲ್ಪ ಪ್ರಮಾಣದ ತಾಮ್ರವನ್ನು ಬೆರೆಸಿ ಎರಕ ಹೊಯ್ಯುತ್ತಾರೆ; ಉಳಿಯಿಂದ ಚಿತ್ತಾರವನ್ನು ಕೊರೆದು ಬೆಳ್ಳಿಯ ತಂತಿಯನ್ನು ಕೂಡಿಸುತ್ತಾರೆ. ಬಳಿಕ ಕೋಟೆಯ ಮಣ್ಣು ಮತ್ತು ನವಸಾಗರಗಳ ಲೇಪದಿಂದ ಹಿನ್ನೆಲೆಯು ಕಪ್ಪಾಗಿ ಬೆಳ್ಳಿಯು ಹೊಳೆಯುತ್ತದೆ. ಎರಕ, ಕೊರೆತ, ಜೋಡಣೆ, ಹೊಳಪು ಹೀಗೆ ಒಂದೇ ವಸ್ತುವಿನ ಮೇಲೆ ಹಲವು ಕೈಗಳು ದುಡಿಯುವುದರಿಂದ ಹಲವು ಮನೆಗಳ ಒಲೆ ಉರಿಯುತ್ತದೆ. ಬಹಮನಿಗಳು ಹೋದರು, ಬರೀದಶಾಹಿಗಳು ಹೋದರು, ಮೊಗಲರೂ ನಿಜಾಮರೂ ಹೋದರು, ಕುಲುಮೆಯು ಆರಲಿಲ್ಲ. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ವಿದ್ಯೆಯು ಇಳಿದುಬಂದುದೇ ಇದಕ್ಕೆ ಕಾರಣ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆಯಿತು. 2023ರಲ್ಲಿ ಬೀದರದ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಆದರೆ ಮಾನ್ಯತೆಯು ಹೆಸರನ್ನು ಕಾಯಬಲ್ಲುದೇ ಹೊರತು ಉಳಿ ಹಿಡಿಯುವ ಹೊಸ ಕೈಯನ್ನು ತಾನಾಗಿ ಸೃಷ್ಟಿಸಲಾರದು.

ಭಾಷೆಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ಆಡಳಿತದ ಮತ್ತು ಶಿಕ್ಷಣದ ಭಾಷೆಯಾಗಿತ್ತು. ಅಂದು ಔರಾದ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕಮಲನಗರದಲ್ಲಿ ಜನಿಸಿದವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999). ಹೊರಗೆ ಉರ್ದು ನಾಮಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂದು ನಾಡು ಅವರನ್ನು ಸ್ಮರಿಸುತ್ತದೆ. ಅಲ್ಲಿ ಭವ್ಯಸೌಧವಿರಲಿಲ್ಲ, ರಾಜಾಶ್ರಯವೂ ಇರಲಿಲ್ಲ. 1956ರ ನವೆಂಬರ್ 1ರಂದು ಈ ಸೀಮೆಯು ಮೈಸೂರು ರಾಜ್ಯದಲ್ಲಿ ಸೇರಿದಾಗ ಕನ್ನಡದಲ್ಲಿ ಓದುಬರಹ ಬಲ್ಲ ಒಂದು ಪೀಳಿಗೆಯು ಇಲ್ಲಿ ಸಿದ್ಧವಾಗಿದ್ದುದು ಇಂತಹ ಪಾಠಗಳ ಫಲ.

ಇಂದು ಬೀದರದ ಅಭಿವೃದ್ಧಿಯ ಮಾತು ಬಂದಾಗ ಕೋಟೆಯೂ ಮದರಸಾವೂ ಮೊದಲು ಕಣ್ಣಿಗೆ ಬೀಳುತ್ತವೆ. ಅವುಗಳ ರಕ್ಷಣೆಯು ಅವಶ್ಯವೇ ಸರಿ. ಆದರೆ ನೋಡಲು ಬಂದವನು ಸಂಜೆಗೆ ಮರಳುತ್ತಾನೆ. ಕಲಿಯಲು ಬಂದವನು ಊರಿನಲ್ಲಿ ನೆಲೆಸುತ್ತಾನೆ. ಆದುದರಿಂದ ಬಿದ್ರಿ ಕಲಿಯುವ ಹುಡುಗನಿಗೆ ಕಲಿಕೆಯ ಕಾಲದಲ್ಲಿ ವೇತನ, ಕಲಿಸುವ ಗುರುವಿಗೆ ಗೌರವಧನ, ಭಾಲ್ಕಿ ಔರಾದಗಳ ಶಾಲೆಗಳಲ್ಲಿಯೂ ಈ ಕಲೆಯ ಪರಿಚಯ ಇವು ಮೊದಲು ಆಗಬೇಕಾದ ಕಾರ್ಯಗಳು. ಮಠ ಮನೆಗಳಲ್ಲಿರುವ ಹಳೆಯ ಬರಹಗಳನ್ನು ಓದಬಲ್ಲ ತರುಣರನ್ನೂ ಇದರೊಡನೆಯೇ ತಯಾರು ಮಾಡಬೇಕು. ಲಿಪಿಕಾರನಿಲ್ಲದ ಭಂಡಾರಕ್ಕೆ ಗೆದ್ದಲು ಹತ್ತುವುದನ್ನು ಕಂಡಿರುವ ನಮ್ಮಂತಹವರು ಈ ಮಾತನ್ನು ಸಕಾಲದಲ್ಲಿ ಹೇಳುವುದು ಕರ್ತವ್ಯವೆಂದು ಭಾವಿಸುತ್ತೇವೆ.