ಕಲ್ಲುಹೂವಿನ ಸತ್ತ್ವಗಳೂ ಅರ್ಬುದರೋಗದ ಸಂಶೋಧನೆಯೂ

ಕಲ್ಲುಹೂವು ನಮ್ಮ ಅಡುಗೆಯ ಮಸಾಲೆಗೆ ಪರಿಚಿತವಾದ ಪದಾರ್ಥ. ಹೆಸರಿಗೆ ಹೂವಾದರೂ ವಾಸ್ತವವಾಗಿ ಅದು ಶಿಲೀಂಧ್ರವೂ ಪಾಚಿಯೂ ಕೂಡಿ ಹೂಡಿದ ಸಂಸಾರ. ಈ ವರ್ಗದ ಜೀವಿಗಳ ಇಬ್ಬಗೆಯ ಸ್ವರೂಪವನ್ನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರನು 1867ರಲ್ಲಿ ಪ್ರತಿಪಾದಿಸಿದಾಗ ಅನೇಕ ವಿದ್ವಾಂಸರು ಅದನ್ನು ಬಲವಾಗಿ ವಿರೋಧಿಸಿದರು. ಆದರೆ ಅದಕ್ಕೂ 23 ವರ್ಷ ಮೊದಲೇ, 1844ರಲ್ಲಿ, ಜರ್ಮನಿಯ ರಸಾಯನಜ್ಞ ಕ್ನಾಪನು ಅವುಗಳಿಂದ ಹಳದಿ ಬಣ್ಣದ ಅಸ್ನಿಕ್ ಆಮ್ಲವನ್ನು ಬೇರ್ಪಡಿಸಿದ್ದನು. ಜೀವಿಯು ಏನೆಂಬುದು ತಿಳಿಯುವ ಮುನ್ನವೇ ಅದರ ಸತ್ತ್ವವು ಸೀಸೆಯನ್ನು ಸೇರಿತ್ತೆಂಬುದನ್ನು ನಾವು ಗಮನಿಸಬೇಕು.

ಅಲ್ಲಿಂದ ಮುಂದಿನ ಶತಮಾನವು ಬಹುಮಟ್ಟಿಗೆ ಸಂಗ್ರಹ ವರ್ಗೀಕರಣಗಳ ಕಾಲ. ತ್ಸೋಫನ ಗ್ರಂಥ 1907ರಲ್ಲಿಯೂ, ಜಪಾನಿನ ಅಸಾಹಿನ ಮತ್ತು ಶಿಬಾತರ ಇಂಗ್ಲಿಷ್ ಗ್ರಂಥ 1954ರಲ್ಲಿಯೂ ಹೊರಬಂದವು. ಭಾರತದಲ್ಲಿ ಟಿ. ಆರ್. ಶೇಷಾದ್ರಿಯವರು ಇದೇ ಕ್ಷೇತ್ರದಲ್ಲಿ ದುಡಿದರು.

ಅರ್ಬುದದ ವಿಚಾರ ಎರಡು ದಾರಿಗಳಿಂದ ಬಂದಿತು. ಶಿಬಾತ ಮತ್ತು ಸಂಗಡಿಗರು ಅಂಬಿಲಿಕೇರಿಯ ಜಾತಿಯ ಕಲ್ಲುಹೂವುಗಳಿಂದ ತೆಗೆದ ಗ್ಲೂಕಾನ್, ಅಂದರೆ ಒಂದು ಬಗೆಯ ಪಿಷ್ಟಸದೃಶ ಪದಾರ್ಥವು, ಇಲಿಗಳಲ್ಲಿ ನಾಟಿಮಾಡಿದ ಸಾರ್ಕೋಮ-180 ಗೆಡ್ಡೆಯ ಬೆಳವಣಿಗೆಯನ್ನು ತಡೆಯಿತೆಂದು 1968ರಲ್ಲಿ ಪ್ರಕಟಿಸಿದರು. ಅಮೆರಿಕದಲ್ಲಿ ಕುಪ್ಚಾನ್ ಮತ್ತು ಕಾಪರ್‌ಮನ್ ಎಂಬವರು 1975ರಲ್ಲಿ ಅಸ್ನಿಕ್ ಆಮ್ಲದ ವಾಮರೂಪವು ಗೆಡ್ಡೆಯನ್ನು ನಿರೋಧಿಸುವುದೆಂದು ವರದಿಮಾಡಿದರು. ಆ ಬಳಿಕ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಅರ್ಬುದಕೋಶಗಳ ಮೇಲೆ ಇಂಥ ಹಲವು ಸಂಯುಕ್ತಗಳನ್ನು ಪರೀಕ್ಷಿಸಲಾಗಿದೆ.

ಇಲ್ಲಿ 'ಅರ್ಬುದನಿರೋಧಕ' ಎಂಬ ಒಂದೇ ಪದವು ಮೂರು ಬೇರೆ ಬೇರೆ ಸಂಗತಿಗಳನ್ನು ಮರೆಮಾಡುತ್ತದೆಂದು ನಮ್ಮ ಅಭಿಪ್ರಾಯ. ತಟ್ಟೆಯಲ್ಲಿ ಕೋಶ ಸಾಯುವುದು ಒಂದು; ಇಲಿಯಲ್ಲಿ ಗೆಡ್ಡೆ ಕುಗ್ಗುವುದು ಇನ್ನೊಂದು; ರೋಗಿಯು ಗುಣಹೊಂದುವುದು ಮತ್ತೊಂದು. ಮೊದಲೆರಡಕ್ಕೆ ಆಧಾರಗಳುಂಟು, ಮೂರನೆಯದಕ್ಕೆ ಇಲ್ಲ. ಇಷ್ಟಾದರೂ ಜನಪ್ರಿಯ ಲೇಖನಗಳು ಮೊದಲನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಸಲೀಸಾಗಿ ನೆಗೆಯುತ್ತವೆ!

ಅಸ್ನಿಕ್ ಆಮ್ಲದ ವಿಷಯದಲ್ಲಂತೂ ಈ ನೆಗೆತ ಅಪಾಯಕರ. ಕೋಶಗಳ ಮೈಟೊಕಾಂಡ್ರಿಯಗಳಲ್ಲಿ ನಡೆಯುವ ಶಕ್ತಿಸಂಚಯಕ್ಕೆ ಅದು ಭಂಗ ತರುತ್ತದೆ. ಅರ್ಬುದಕೋಶವೆಂದೂ ಆರೋಗ್ಯಕರ ಕೋಶವೆಂದೂ ಅದು ಚೆನ್ನಾಗಿ ವಿವೇಚಿಸುವುದಿಲ್ಲ. ಅದರ ಲವಣವನ್ನು ಬೆರೆಸಿದ್ದ, ಮೈ ಇಳಿಸುವ ಮಾತ್ರೆಯೊಂದನ್ನು ಸೇವಿಸಿದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳು ಕಂಡುಬಂದುದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2001ರಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತು. ನೀರಿನಲ್ಲಿ ಅದು ಬಹಳ ಅಲ್ಪವಾಗಿ ಕರಗುವುದೂ ಔಷಧವಾಗಲು ಒಂದು ತೊಡಕು. ಅಣುವಿನ ರಚನೆಯನ್ನು ಮಾರ್ಪಡಿಸಿಯೋ, ಕೊಬ್ಬಿನ ಸೂಕ್ಷ್ಮಕೋಶಗಳಲ್ಲಿ ತುಂಬಿಯೋ ಈ ಎರಡು ದೋಷಗಳನ್ನೂ ನಿವಾರಿಸುವ ಪ್ರಯತ್ನಗಳು ಪ್ರಯೋಗಶಾಲೆಗಳಲ್ಲಿ ಸಾಗಿವೆ.