ಏರೋಗ್ರಾಂನಿಂದ ಯೂನಿಕೋಡ್‌ವರೆಗೆ: ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಚರಿತ್ರೆ

ಕಳೆದ ರಾಜ್ಯೋತ್ಸವದ ಪ್ರದರ್ಶನಕ್ಕೆಂದು ನಮ್ಮ ಸಂಘದ ಹಳೆಯ ಸಂಚಿಕೆಗಳನ್ನು ಒಟ್ಟುಗೂಡಿಸಲು ಹೊರಟಾಗ, ಹಿರಿಯ ಸದಸ್ಯರೊಬ್ಬರ ಮನೆಯ ನೆಲಮಾಳಿಗೆಯಿಂದ ಒಂದು ರಟ್ಟಿನ ಪೆಟ್ಟಿಗೆ ನಮ್ಮ ಕೈಸೇರಿತು. ಅದರ ಅಡಿಯಲ್ಲಿ 1980ರ ದಶಕದ ಸಂಚಿಕೆಗಳಿದ್ದವು. ಯಾರೋ ದುಂಡಗಿನ ಅಕ್ಷರದಲ್ಲಿ ಕೈಯಿಂದ ಬರೆದು, ಜೆರಾಕ್ಸ್ ತೆಗೆದು, ಅಂಚೆಯ ಮೂಲಕ ಮನೆಮನೆಗೆ ಕಳುಹಿಸಿದಂಥವು. ಕಾಗದ ಹಳದಿಗಟ್ಟಿದ್ದರೂ ಬರಹ ಮಾಸಿರಲಿಲ್ಲ. ಮೇಲ್ಗಡೆ 1999ರ ಯುಗಾದಿ ಸಂಚಿಕೆಯ ಫ್ಲಾಪಿ ಇತ್ತು. ಕಂಪ್ಯೂಟರಿನಲ್ಲಿ ಸಿದ್ಧಗೊಂಡ ನಮ್ಮ ಮೊದಲ ಸಂಚಿಕೆ ಅದು. ಫ್ಲಾಪಿ ಓದುವ ಸಾಧನವನ್ನು ಹುಡುಕಿ ತರಿಸಿ ಕಡತವನ್ನು ತೆರೆದರೆ, ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ, ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’ಗಳ ಸಾಲು. ಕನ್ನಡದ ಒಂದಕ್ಷರವೂ ಇರಲಿಲ್ಲ.

1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ಹೊರತಂದ ‘ಮಂಗಳೂರ ಸಮಾಚಾರ’ದ ಕಲ್ಲಚ್ಚಿನ ಪುಟವನ್ನು ಇಂದು ಕನ್ನಡ ಬಲ್ಲ ಯಾವ ಮಗುವಾದರೂ ತಡವರಿಸಿಯಾದರೂ ಓದೀತು. ಕಾಲು ಶತಮಾನದ ಹಿಂದೆ ನಾವೇ ಬೆರಳಚ್ಚು ಮಾಡಿದ ಪುಟ ನಮಗೇ ಓದಲಾಗದಂತಾದುದು ಹೇಗೆ? ಈ ಪ್ರಶ್ನೆಯ ಬೆನ್ನುಹತ್ತಿ ಹೋದಾಗ ಕಂಡದ್ದನ್ನು ಸದಸ್ಯ ಕುಟುಂಬಗಳೊಡನೆ ಹಂಚಿಕೊಳ್ಳುತ್ತಿದ್ದೇವೆ.

ನಮ್ಮಲ್ಲಿ ಮೊದಲು ಬಂದವರಿಗೆ ಊರೆಂದರೆ ಏರೋಗ್ರಾಂ. ಒಂದೇ ಹಾಳೆ, ಮೂರು ಮಡಿಕೆ. ಒಳಗೆ ಬೇರೇನನ್ನೂ ಇಡುವಂತಿಲ್ಲ. ಅಪ್ಪ ಬರೆದು ಮುಗಿಸಿದ ಮೇಲೆ ಅಂಟಿಸುವ ಅಂಚಿನಲ್ಲಿ ಅಮ್ಮನ ನಾಲ್ಕು ಸಾಲು. ತಲುಪಲು ಹತ್ತು ಹದಿನೈದು ದಿನ ಹಿಡಿಯುತ್ತಿದ್ದುದರಿಂದ, ಜ್ವರದ ಸುದ್ದಿ ಬರುವ ಹೊತ್ತಿಗೆ ಜ್ವರ ಬಿಟ್ಟಿರುತ್ತಿತ್ತು. ಬಂದ ಕಾಗದವನ್ನು ಊಟದ ಮೇಜಿನ ಬಳಿ ಗಟ್ಟಿಯಾಗಿ ಓದುವುದು ಅನೇಕ ಮನೆಗಳಲ್ಲಿ ರೂಢಿಯಾಗಿತ್ತು. ಇಲ್ಲಿ ಹುಟ್ಟಿದ ಮಕ್ಕಳು ಅಜ್ಜನ ಮೋಡಿ ಅಕ್ಷರವನ್ನು ಬಿಡಿಸುತ್ತಲೇ ಓದು ಕಲಿತರು. ಟ್ರಂಕ್ ಕಾಲ್ ಇತ್ತು, ಆದರೆ ಅದು ಹುಟ್ಟು ಸಾವುಗಳಿಗೆ ಮೀಸಲು. ಬಳಿಕ ಟೇಪ್‌ರೆಕಾರ್ಡರ್ ಬಂದಾಗ, ಊರಿಂದ ಬರುವವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆಗೆ ಕ್ಯಾಸೆಟ್ಟುಗಳೂ ಬಂದವು. ಕೆಲವು ಹಿರಿಯರು ಅದರಲ್ಲಿಯೂ ‘ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಪತ್ರ ಬರೆಯುವುದು’ ಎಂದೇ ಆರಂಭಿಸುತ್ತಿದ್ದರು. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ.

ಕಂಪ್ಯೂಟರಿನ ಕಥೆ ಬೇರೆ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ಕನ್ನಡದ ಅಕ್ಷರವು ತಲೆಕಟ್ಟು, ಕೊಂಬು, ಗುಡಿಸು, ಒತ್ತುಗಳಿಂದ ಕಟ್ಟಿಕೊಳ್ಳುತ್ತದೆ. ಆದಕಾರಣ ನೂರಾರು ಆಕಾರಗಳು ಬೇಕು; ಅಂದಿನ ಫಾಂಟುಗಳಲ್ಲಿ ಇದ್ದುದು ಹೆಚ್ಚೆಂದರೆ 256 ಸ್ಥಾನ. ಈ ತೊಡಕಿಗೆ ಕೀಲಿಮಣೆಯ ಕಡೆಯಿಂದ ದಾರಿ ತೋರಿದವರು ಕಿನ್ನಿಕಂಬಳದ ಪದ್ಮನಾಭ ರಾವ್, ನಾವೆಲ್ಲ ಬಲ್ಲ ಕೆ.ಪಿ. ರಾವ್. ಕೀಲಿಗಳಿಗೆ ಆಕಾರಗಳನ್ನಲ್ಲ, ಧ್ವನಿಗಳನ್ನು ಕೊಡಬೇಕು; ಆಕಾರವನ್ನು ಯಂತ್ರ ನೋಡಿಕೊಳ್ಳಲಿ ಎಂಬುದು ಅವರ ವಿನ್ಯಾಸದ ಹುರುಳು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ವರ್ಣಮಾಲೆ ಅಡಗಿತು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನಿಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಈ ವಿನ್ಯಾಸವನ್ನೇ ಅನುಸರಿಸಿತು. ಇದೇ ರಾವ್ ಅವರು ಅದಕ್ಕೂ ಹಿಂದೆ ಐರಾವತಂ ಮಹಾದೇವನ್ ಅವರ ಜೊತೆ ಸಿಂಧೂ ಲಿಪಿಯ ಅಧ್ಯಯನದಲ್ಲಿ ಕೈಜೋಡಿಸಿದ್ದವರು. ಇಂದಿಗೂ ಯಾರಿಗೂ ಓದಲಾಗದ ಲಿಪಿಯೊಂದರ ಮುಂದೆ ಕುಳಿತಿದ್ದವರು ನಮ್ಮ ಲಿಪಿಗೆ ಕೀಲಿಮಣೆ ಕೊಟ್ಟರೆಂಬುದು ಫ್ಲಾಪಿಯ ಮುಂದೆ ಕುಳಿತ ನಮಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಹೊರನಾಡಿನವರಿಗೆ ಬಾಗಿಲು ತೆರೆದದ್ದು 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’. ಅದಕ್ಕೆ ಮೊದಲು ಮಿಂಚಂಚೆಯಲ್ಲಿ ಕನ್ನಡವನ್ನು ನಾವು ಇಂಗ್ಲಿಷ್ ಲಿಪಿಯಲ್ಲೇ ಬರೆಯುತ್ತಿದ್ದೆವು. ನಿಜ ಹೇಳಬೇಕೆಂದರೆ, ‘ಬರಹ’ ಬಂದ ಮೇಲೂ ಬಹುಕಾಲ ಹಾಗೆಯೇ ಬರೆದೆವು. ಏಕೆಂದರೆ ಆ ಬದಿಯವರ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೆ ಕನ್ನಡ ತಲುಪುತ್ತಿರಲಿಲ್ಲ. ನಮ್ಮ ಮಕ್ಕಳು ತಂದೆತಾಯಂದಿರು ಕನ್ನಡ ಬರೆಯುವುದನ್ನು ನೋಡಿದ್ದು ಈ ಆಂಗ್ಲ ವೇಷದಲ್ಲಿ. ಅವರು ಲಿಪಿ ಕಲಿಯಲಿಲ್ಲವೆಂದು ದೂರುವಾಗ ಈ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೊಡಕಿನ ಬೇರು ಇಲ್ಲಿತ್ತು. ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ‘ನುಡಿ’ಯಂಥ ಫಾಂಟಿನಲ್ಲಿ ‘ಪಿ’ ಇರಬೇಕಾದಲ್ಲಿ ಕ-ಕಾರದ ಒಡಲು, ಗೆರೆ ಹೊತ್ತ ‘ಎ’ ಇರುವಲ್ಲಿ ತಲೆಕಟ್ಟು, ಪೌಂಡಿನ ಜಾಗದಲ್ಲಿ ನ-ಕಾರ. ಕಣ್ಣಿಗೆ ಕನ್ನಡ, ಯಂತ್ರದ ಮಟ್ಟಿಗೆ ಅದು ಇಂಗ್ಲಿಷೇ. ಫಾಂಟ್ ಕಳೆದುಹೋದ ದಿನ ವೇಷ ಕಳಚುತ್ತದೆ. ಕನ್ನಡದ ಪ್ರತಿ ವರ್ಣಕ್ಕೂ ತನ್ನದೇ ಸಂಖ್ಯೆ ಕೊಟ್ಟ ಯೂನಿಕೋಡ್ 1991ರಲ್ಲೇ ಪ್ರಕಟವಾಗಿತ್ತು. ಆದರೆ ಸಾಮಾನ್ಯರ ಮೇಜಿಗೆ ಅದು ಬಂದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿಯೊಡನೆ, ‘ತುಂಗಾ’ ಎಂಬ ಫಾಂಟಿನ ರೂಪದಲ್ಲಿ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಈ ನಡುವಿನ ವರ್ಷಗಳಲ್ಲಿ, ಆಮೇಲೂ ಬಹುಕಾಲ, ಬರೆದ ಎಷ್ಟೋ ಬರಹ ಆಯಾ ಫಾಂಟಿನೊಳಗೇ ಸೆರೆಯಾಗಿದೆ.

ಮುಂದಿನದು ಎಲ್ಲರೂ ಬಲ್ಲದ್ದೇ. 2016ರ ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕರೆ ಬಂದ ಮೇಲೆ, ಎರಡು ವರ್ಷಕ್ಕೊಮ್ಮೆ ಮಾತ್ರ ಕಾಣುತ್ತಿದ್ದ ಮೊಮ್ಮಕ್ಕಳನ್ನು ಅಜ್ಜಿಯರು ದಿನವೂ ಕಾಣುವಂತಾಯಿತು. ಇದನ್ನು ಹಗುರವಾಗಿ ಕಾಣುವವರು ಏರೋಗ್ರಾಂಗಾಗಿ ಕಾದವರಲ್ಲ. ಆದರೆ ಮುಖ ಕಂಡು ಮಾತಾಡಬಹುದಾದಾಗ ಬರೆಯುವ ಅಗತ್ಯ ತಪ್ಪಿತು. ಬರೆಯದಿದ್ದಾಗ ಓದುವ ಅಗತ್ಯವೂ ತಪ್ಪಿತು. ನಮ್ಮ ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಮಾತು ಬಲ್ಲರು, ಅಕ್ಷರವರಿಯರು. ಅಜ್ಜಿ ಕನ್ನಡದಲ್ಲಿ ಬರೆದು ಕಳುಹಿಸಿದ್ದನ್ನು ಅಪ್ಪ ಮನೆಗೆ ಬರುವ ತನಕ ಹಾಗೆಯೇ ಇಟ್ಟುಕೊಳ್ಳುವ ಹುಡುಗನೊಬ್ಬ ನಮ್ಮಲ್ಲಿದ್ದಾನೆ.

ಫ್ಲಾಪಿಯ ವಿಷಯಕ್ಕೆ ಮರಳುವುದಾದರೆ, ಇಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಈಗ ಉಚಿತವಾಗಿ ಸಿಗುತ್ತವೆ. ನಮ್ಮ ಸಂಚಿಕೆಯ ಫಾಂಟು ಹಳೆಯ ಆವೃತ್ತಿಯದಾದುದರಿಂದ ಮುಕ್ಕಾಲು ಪಾಲು ಸರಿಹೋಗಿ, ಒತ್ತಕ್ಷರ ಬಂದಲ್ಲೆಲ್ಲ ಎಡವಿತು. ಅದೇ ಸಮಯಕ್ಕೆ ಶಿವಮೊಗ್ಗದಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ನೆರವಾಗಲು ಒಪ್ಪಿದರು. ಆ ಸಂಚಿಕೆಯಲ್ಲಿ, ಈಗ ಇಲ್ಲದ ಅವರ ಯಜಮಾನರು ಊರಿಂದ ಬರೆದು ಕಳುಹಿಸಿದ್ದ ಮಳೆಗಾಲದ ಲೇಖನವೊಂದಿತ್ತು. ಹಸ್ತಪ್ರತಿಯನ್ನು ನಾವು ಬೆರಳಚ್ಚಾದ ಮೇಲೆ ಉಳಿಸಿಕೊಂಡಿರಲಿಲ್ಲ. ಅದು ನಮ್ಮದೇ ತಪ್ಪು, ಕಂಪ್ಯೂಟರಿನಲ್ಲಿದೆಯಲ್ಲ ಎಂದುಕೊಂಡಿದ್ದೆವು.

ಏಳನೆಯ ತರಗತಿಯ ಮೊಮ್ಮಗಳು ಯಂತ್ರದ ಮುಂದೆ, ಅಜ್ಜಿ ಪಕ್ಕದ ಕುರ್ಚಿಯಲ್ಲಿ. ನಾಲ್ಕು ಶನಿವಾರ ಈ ಕೆಲಸ ನಡೆಯಿತು. ಹುಡುಗಿ ಯಾವ ಚಿಹ್ನೆ ಎಷ್ಟು ಬಾರಿ ಬರುತ್ತದೆಂದು ಪಟ್ಟಿ ಮಾಡುವಳು. ಅಜ್ಜಿ ವಾಕ್ಯದ ಜಾಡು ಹಿಡಿದು ಪದ ಯಾವುದಿರಬೇಕೆಂದು ಹೇಳುವರು. “ಸೂರ್ಯ ಅನ್ನೋವಾಗ ರ ಮೊದಲು ಬರುತ್ತೆ ಪುಟ್ಟಿ, ಬರೆಯೋವಾಗ ಅರ್ಕಾವತ್ತು ಯಕಾರ ಆದಮೇಲೆ” ಎಂದು ಅಜ್ಜಿ ಅಂದಾಗ ತೊಡಕು ಬಿಚ್ಚಿತು. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ, ಯೂನಿಕೋಡ್ ನಾಲಗೆಯ ಕ್ರಮದಲ್ಲಿ ಅಕ್ಷರಗಳನ್ನು ಇಡುತ್ತವೆ. ಪರಿವರ್ತಕ ಅಲ್ಲೇ ದಾರಿ ತಪ್ಪಿತ್ತು. ಒತ್ತಕ್ಷರಗಳೆಂದರೆ ತರಗತಿಯಲ್ಲಿ ಹಿಂಜರಿಯುತ್ತಿದ್ದ ಹುಡುಗಿ ನಾಲ್ಕನೆಯ ಶನಿವಾರದ ಹೊತ್ತಿಗೆ ಅಜ್ಜನ ಲೇಖನವನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದಳು.

ಕೊನೆಯ ಎರಡು ಸಾಲು ದೊರೆಯಲಿಲ್ಲ. ಫ್ಲಾಪಿಯ ಆ ಭಾಗವೇ ಹಾಳಾಗಿತ್ತು. ಅದಕ್ಕೂ ಮೊದಲು ಒಂದು ಪದ ಅಸ್ಪಷ್ಟವಿತ್ತು. ‘ಜಡಿಮಳೆ’ ಇರಬೇಕೆಂದು ನಾವು ಊಹಿಸಿದೆವು. ಅಜ್ಜಿ ಒಪ್ಪಲಿಲ್ಲ, ಅವರು ಎಂದೂ ಹಾಗೆ ಅನ್ನುತ್ತಿರಲಿಲ್ಲ, ‘ಜಿರಾಪತಿ ಮಳೆ’ ಎಂದೇ ಅನ್ನುತ್ತಿದ್ದುದು ಎಂದರು. ಹಾಗೆಯೇ ಸೇರಿಸಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೇವೆ.

ಪೆಟ್ಟಿಗೆಯಲ್ಲಿ ಇನ್ನೂ ಆರು ಫ್ಲಾಪಿಗಳೂ ಒಂದಿಷ್ಟು ಕ್ಯಾಸೆಟ್ಟುಗಳೂ ಉಳಿದಿವೆ. 1999ರಿಂದ 2004ರವರೆಗಿನ ಯಾವುದೇ ಸಂಚಿಕೆಯ ಮುದ್ರಿತ ಪ್ರತಿ, ಹರಿದಿದ್ದರೂ ಸರಿಯೆ, ನಿಮ್ಮಲ್ಲಿದ್ದರೆ ಯುಗಾದಿಯ ಕಾರ್ಯಕ್ರಮಕ್ಕೆ ಬರುವಾಗ ತನ್ನಿ. ಹಿರಿಯರು ಊರಿಂದ ಬಂದಿದ್ದರೆ ಅವರನ್ನೂ ಕರೆತನ್ನಿ. ಶನಿವಾರ ಮಧ್ಯಾಹ್ನ ಕುರ್ಚಿ ಖಾಲಿ ಇದೆ.