ಗರಡಿಯಿಂದ ಶಾಲೆಯ ಅಂಗಳಕ್ಕೆ

ದೇಹದಾರ್ಢ್ಯವಿಲ್ಲದೆ ವಿದ್ಯೆಯು ನೆಲೆಗೊಳ್ಳದೆಂಬುದು ಕನ್ನಡ ನಾಡಿನ ಹಿರಿಯರಿಗೆ ಹೊಸ ಮಾತಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದ್ದು, ಮಲ್ಲರ ಅಭ್ಯಾಸ ಮತ್ತು ಆಹಾರಗಳ ವಿಚಾರವು ಅಲ್ಲಿ ಬಂದಿರುತ್ತದೆ. ಆದರೆ ಆ ಮಲ್ಲರು ಅರಮನೆಯ ಆಶ್ರಯದಲ್ಲಿದ್ದವರು. ಬಡವನ ಮಗನಿಗೂ, ಬಲಹೀನನಿಗೂ, ಹೆಣ್ಣು ಕೂಸಿಗೂ ಆ ವಿದ್ಯೆಯು ಹೇಗೆ ಹಂತಹಂತವಾಗಿ ಸಮೀಪಿಸಿತೆಂಬುದೇ ಇಲ್ಲಿಯ ವಿಚಾರವು.

ಅರಸರ ಕಾಲವು ಸಂದ ಬಳಿಕ ಈ ವಿದ್ಯೆಯನ್ನು ಕಾಪಾಡಿದ್ದು ಹಳ್ಳಿಯ ಗರಡಿಮನೆ. ಅರಭಾವಿ, ಗೋಕಾಕ, ಹುಕ್ಕೇರಿಗಳನ್ನೊಳಗೊಂಡ ಬೆಳಗಾವಿ ಸೀಮೆಯಲ್ಲಿ ಇದಕ್ಕೆ ತಾಲೀಮೆಂಬ ಹೆಸರೂ ಉಂಟು. ಎಣ್ಣೆ ಅರಿಸಿನಗಳಿಂದ ಹದಗೊಳಿಸಿದ ಕೆಮ್ಮಣ್ಣು, ಗೋಡೆಯ ಮೇಲೆ ಹನುಮಂತದೇವರ ಪಟ, ಮೂಲೆಯಲ್ಲಿ ಎತ್ತುವ ಗುಂಡುಕಲ್ಲುಗಳು, ಇವೇ ಅದರ ಸಂಪತ್ತು. ಹೊಲದ ಕೆಲಸ ತೀರಿಸಿ ಬಂದ ತರುಣರು ವಸ್ತಾದಿಯ ಕಣ್ಣೆದುರಿನಲ್ಲಿ ದಂಡ, ಬೈಠಕು, ಮಲ್ಲಗಂಬ, ಲೇಜೀಮುಗಳನ್ನು ಕಲಿಯುತ್ತಿದ್ದರು. ಸಾಮಿನ ಜತೆಗೆ ಸಂಯಮವನ್ನೂ, ಹಿರಿಯರಲ್ಲಿ ವಿನಯವನ್ನೂ ಕಲಿಸುವುದು ಗರಡಿಯ ಹಿರಿಮೆಯಾಗಿತ್ತು. ಅದರ ಮಿತಿಯನ್ನೂ ಮರೆಮಾಚಲಾಗದು. ಜಾತ್ರೆಯ ಕುಸ್ತಿಯಲ್ಲಿ ಗೆಲ್ಲಬಲ್ಲವನ ಕಡೆಗೆ ವಸ್ತಾದಿಯ ಲಕ್ಷ್ಯವೆಲ್ಲ ಹರಿಯುತ್ತಿತ್ತು. ಕೃಶನಾದ ಹುಡುಗನು ಹೊರಗೆ ನಿಂತು ನೋಡುವವನಾದನು. ಹೆಣ್ಣುಮಕ್ಕಳಿಗೆ ಆ ಬಾಗಿಲೇ ಇರಲಿಲ್ಲ.

ಈ ಕಟ್ಟನ್ನು ಸಡಿಲಿಸಿದವರಲ್ಲಿ ಡಾ. ನಾರಾಯಣ ಸುಬ್ಬರಾವ ಹರ್ಡೀಕರರು ಅಗ್ರಗಣ್ಯರು. 1889ರಲ್ಲಿ ಜನಿಸಿದ ಇವರು ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ ಸ್ವದೇಶಕ್ಕೆ ಮರಳಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಇವರ ಹುಬ್ಬಳ್ಳಿಯ ಸ್ವಯಂಸೇವಕರು ಕಾರಾಗೃಹದ ಕಷ್ಟವನ್ನು ಸಹಿಸಿ, ಕ್ಷಮೆ ಬೇಡದೆ ನಿಂತರು. ಶಿಸ್ತಿನಿಂದ ಪಳಗಿದ ದೇಹವು ಮನಸ್ಸಿನ ಧೈರ್ಯಕ್ಕೂ ಆಧಾರವೆಂಬುದು ಆಗ ದೇಶಕ್ಕೆ ಮನದಟ್ಟಾಯಿತು. ಅದೇ ವರುಷದ ಕೊನೆಗೆ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಮಯದಲ್ಲಿ ಹಿಂದೂಸ್ತಾನಿ ಸೇವಾದಳದ ಕಾರ್ಯವು ಆರಂಭವಾಯಿತು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಅಧಿವೇಶನವು ನೆರೆದಾಗ ಶ್ರೀಮತಿ ಉಮಾಬಾಯಿ ಕುಂದಾಪುರ ಅವರು ಹರ್ಡೀಕರರೊಡನೆ ನಾಡನ್ನು ಸಂಚರಿಸಿ 150ಕ್ಕೂ ಹೆಚ್ಚು ಮಹಿಳೆಯರನ್ನು ಸೇವಿಕೆಯರನ್ನಾಗಿ ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಗರಡಿಯ ಹೊಸ್ತಿಲನ್ನು ದಾಟದಿದ್ದ ಸ್ತ್ರೀಯರು ಸಾಲುಗಟ್ಟಿ ಸೇವೆಗೆ ನಿಂತದ್ದು ಈ ಸೀಮೆಯ ಚರಿತ್ರೆಯಲ್ಲಿ ಸಾಮಾನ್ಯ ಸಂಗತಿಯಲ್ಲ.

ವ್ಯಾಯಾಮವನ್ನು ಹೀಗೆ ದೇಶಸೇವೆಗೆ ಕೂಡಿಸಿದ ಹರ್ಡೀಕರರು ಅದನ್ನು ಆರೋಗ್ಯಸೇವೆಗೂ ಕೂಡಿಸಿದರು. ಅರಭಾವಿಗೆ ಸಮೀಪದ ಘಟಪ್ರಭೆಯಲ್ಲಿ 1929ರಲ್ಲಿ ಸ್ಥಾಪಿತವಾದ ಕರ್ನಾಟಕ ಆರೋಗ್ಯಧಾಮದ ಸ್ಥಾಪಕರಲ್ಲಿ ಡಾ. ಕೊಕಟನೂರ, ಡಾ. ವೈದ್ಯ ಇವರೊಡನೆ ಹರ್ಡೀಕರರೂ ಒಬ್ಬರು. 1932ರಲ್ಲಿ ಆಂಗ್ಲ ಸರಕಾರವು ಸೇವಾದಳವನ್ನು ನಿಷೇಧಿಸಿತು. ಕವಾಯತಿನ ಮೈದಾನಗಳು ಬರಿದಾದವು. ಆರೋಗ್ಯಧಾಮವು ಮಾತ್ರ ಉಳಿದು ಬೆಳೆಯಿತು. ರೋಗ ಬಂದ ಮೇಲೆ ಉಪಚರಿಸುವ ಮನೆ ಉಳಿದು, ರೋಗ ಬಾರದಂತೆ ದೇಹವನ್ನು ಗಟ್ಟಿಗೊಳಿಸುವ ಅಂಗಳವು ಹೋಯಿತೆಂಬುದು ವಿಚಾರಿಸತಕ್ಕ ಮಾತು. ಒಂದು ಆಜ್ಞೆಯಿಂದ ಮುಚ್ಚಿಹೋಗುವ ಶಿಕ್ಷಣವು ಮಕ್ಕಳಿಗೆ ಸಾಲದು. ಅದಕ್ಕೆ ಊರೂರಿನಲ್ಲಿ ಸ್ಥಿರವಾದ ಸ್ಥಾನವಿರಬೇಕು. ಆ ಸ್ಥಾನವು ಶಾಲೆಯೇ ಹೊರತು ಬೇರೆಯಲ್ಲ.

ಶಾಲೆಯತ್ತ ಹೆಜ್ಜೆಗಳು ಮೆಲ್ಲನೆ ಬಿದ್ದವು. ಬೆಳಗಾವಿ ಜಿಲ್ಲೆಯು ಆಗ ಸೇರಿದ್ದ ಮುಂಬಯಿ ಪ್ರಾಂತದ ಸರಕಾರವು 1938ರಲ್ಲಿ ಕಾಂದಿವಲಿಯಲ್ಲಿ ವ್ಯಾಯಾಮ ಶಿಕ್ಷಕರನ್ನು ತರಬೇತುಗೊಳಿಸುವ ಸಂಸ್ಥೆಯನ್ನು ತೆರೆಯಿತು. ವಸ್ತಾದಿಯ ಸ್ಥಾನಕ್ಕೆ ಶರೀರಶಾಸ್ತ್ರವನ್ನು ಬಲ್ಲ ಶಿಕ್ಷಕನು ಬರುವ ಮಾರ್ಗವು ಇದರಿಂದ ಸುಗಮವಾಯಿತು. 1956ರ ನವೆಂಬರ 1ರಂದು ಜಿಲ್ಲೆಯು ಏಕೀಕೃತ ಕನ್ನಡ ರಾಜ್ಯವನ್ನು ಸೇರಿತು. ಕೊನೆಗೆ 2009ರ ಶಿಕ್ಷಣ ಹಕ್ಕಿನ ಕಾಯದೆಯು ಶಾಲೆಗೆ ಆಟದ ಬಯಲು ಇರಲೇಬೇಕೆಂದೂ, ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100ನ್ನು ಮೀರಿದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕನಿರಬೇಕೆಂದೂ ವಿಧಿಸಿತು. ಗರಡಿಯಲ್ಲಿ ವಸ್ತಾದಿಯ ಕೃಪೆಯಾಗಿದ್ದುದು ಇಲ್ಲಿ ಮಗುವಿನ ಹಕ್ಕಾಯಿತು.

ಬರಿಯ ಹೊಟ್ಟೆಯಲ್ಲಿ ಸಾಮು ಮಾಡಲಾಗದೆಂಬುದನ್ನು ಮಲ್ಲರ ಆಹಾರವನ್ನು ವಿಚಾರಿಸಿದ ಸೋಮೇಶ್ವರನೂ ಅರಿತಿದ್ದನು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಬಳಿಕ ನಾಡಿಗೆಲ್ಲ ಹಬ್ಬಿದ ಶಾಲಾ ಊಟದ ಯೋಜನೆಗೆ ಅಕ್ಷರ ದಾಸೋಹವೆಂದೇ ಹೆಸರಾದದ್ದು, ಅನ್ನವಿಕ್ಕಿ ಅಕ್ಷರ ಕಲಿಸುತ್ತ ಬಂದ ಮಠಗಳ ಭಕ್ತರಿಗೆ ಸಂತೋಷದ ಸಂಗತಿಯು. 2013ರ ಆಗಸ್ಟ 1ರಿಂದ ಕ್ಷೀರಭಾಗ್ಯ ಯೋಜನೆಯು ಅದಕ್ಕೆ ಹಾಲನ್ನೂ ಕೂಡಿಸಿತು.

ಅನ್ನವು ಬಂದಿತು, ಕಾಯದೆಯು ಬಂದಿತು, ಉಳಿದಿರುವುದು ಆಚರಣೆ. 5ರಿಂದ 17 ವರುಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿರುತ್ತದೆ. ಆಟದ ವೇಳೆಯನ್ನು ಗಣಿತಕ್ಕೆ ಕೊಟ್ಟು, ಬಹುಮಾನ ತರಬಲ್ಲ ನಾಲ್ವರನ್ನು ಓಡಿಸಿ, ಮಿಕ್ಕವರನ್ನು ಚಪ್ಪಾಳೆಗೆ ಕೂಡಿಸುವ ಶಾಲೆಯು ಹಳೆಯ ಗರಡಿಯ ಮಿತಿಯನ್ನೇ ಮರಳಿ ಹಿಡಿದಂತಾಗುವುದು. ಪಂದ್ಯದಲ್ಲಿ ಗೆದ್ದವರ ಸಂಖ್ಯೆಗಿಂತ ಬಯಲಿಗೆ ಇಳಿದವರ ಸಂಖ್ಯೆಯೇ ಶಾಲೆಗೆ ಭೂಷಣವು. ಭಕ್ತರು ತಮ್ಮ ಊರಿನ ಶಾಲೆಯ ಬಯಲನ್ನು ಒತ್ತುವರಿಯಾಗದಂತೆ ಕಾಯ್ದು, ಕಲ್ಲುಮುಳ್ಳು ತೆಗೆಸಿ, ಹೆಣ್ಣುಮಕ್ಕಳೂ ನಿರ್ಭಯವಾಗಿ ಆಡುವಂತೆ ಮಾಡಿದರೆ, ಅದೂ ದಾಸೋಹದ ಒಂದು ಅಂಗವೇ ಆಗುವುದು.